ಸ್ಮಿತ್‌ಗಳೆಲ್ಲ ಒಂದೇ ಕಮ್ಮಾರನ ಮಕ್ಕಳಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಇಂಗ್ಲಿಷರ ಅಡ್ಡಹೆಸರುಗಳ ಬಗ್ಗೆ ಬಂದ ಕಿರುಬರಹ ಓದಿಸಿಕೊಂಡು ಹೋಗುವಂತಿತ್ತು. ಆದರೆ ‘ಅಮೆರಿಕದಲ್ಲಿ 24 ಲಕ್ಷ ಸ್ಮಿತ್‌ಗಳಿದ್ದಾರೆ, ಇವರೆಲ್ಲ ಇಂಗ್ಲೆಂಡಿನ ಕಮ್ಮಾರರ ಕುಡಿಗಳು’ ಎಂಬ ವಾಕ್ಯದ ಮೊದಲರ್ಧಕ್ಕೆ ವರ್ಷವಿಲ್ಲ, ಉಳಿದರ್ಧಕ್ಕೆ ಆಧಾರವಿಲ್ಲ. ಒಂದು ಅಡ್ಡಹೆಸರು ಎಷ್ಟು ಜನರಿಗಿದೆ ಎಂಬ ಲೆಕ್ಕ ಬೇರೆ, ಎಷ್ಟು ಜನ ಒಂದೇ ಬೇರಿನಿಂದ ಬಂದವರು ಎಂಬ ಲೆಕ್ಕ ಬೇರೆ. ಎರಡನ್ನೂ ಕಲಸಿದರೆ ಆಗುವ ಎಡವಟ್ಟುಗಳಿಗೆ ಸ್ಮಿತ್‌ಗಿಂತ ಒಳ್ಳೆಯ ಉದಾಹರಣೆ ಸಿಗದು. ಪತ್ರ ಉದ್ದವಾದೀತು, ಮನ್ನಿಸಿ.

ಹಳೆಯ ಇಂಗ್ಲಿಷಿನಲ್ಲಿ ಲೋಹದ ಕೆಲಸ ಮಾಡುವವನೇ ಸ್ಮಿತ್. ಬಡಿಯುವುದು ಎಂಬರ್ಥದ ‘ಸ್ಮೈಟ್’ನಿಂದ ಈ ಹೆಸರು ಬಂತು ಎನ್ನುವುದು ಆಮೇಲೆ ಹುಟ್ಟಿದ ಜನಪ್ರಿಯ ಕತೆ, ಅದನ್ನು ಬಿಟ್ಟುಬಿಡಿ. ಡರ್ಹಮ್‌ನಲ್ಲಿ ಸುಮಾರು 975ರಲ್ಲೇ ಎಕ್ಕಿಯಾರ್ಡ್ ಎಂಬವನ ಹೆಸರಿನ ಮುಂದೆ ಸ್ಮಿತ್ ಎಂದು ಬರೆದದ್ದು ಸಿಗುತ್ತದೆ. ಹಾಗೆಂದು ಅವನು ಸ್ಮಿತ್ ಮನೆತನದ ಮೊದಲಿಗನಲ್ಲ. ಆ ಕಾಲದಲ್ಲಿ ಅದು ಆ ಮನುಷ್ಯನೊಬ್ಬನ ಗುರುತು, ಅವನ ಜತೆಗೇ ಮುಗಿಯುತ್ತಿತ್ತು. ತಂದೆಯಿಂದ ಮಕ್ಕಳಿಗೆ ಇಳಿಯುವ ಅಡ್ಡಹೆಸರು ಇಂಗ್ಲೆಂಡಿನಲ್ಲಿ ಬೇರೂರಿದ್ದು 1066ರ ನಾರ್ಮನ್ ದಾಳಿಯ ನಂತರ, ಅದೂ ಮೊದಲು ಜಮೀನುದಾರರಲ್ಲಿ, ಆಮೇಲೆ ದಕ್ಷಿಣದ ಪಟ್ಟಣಗಳಲ್ಲಿ. ಸಾಮಾನ್ಯರ ಮನೆಗಳಿಗೆ ಅದು ತಲುಪುವ ಹೊತ್ತಿಗೆ 1400 ಹತ್ತಿರವಾಗಿತ್ತು. ಉತ್ತರದ ಕಡೆ ಇನ್ನೂ ತಡ.

ಒಂದು ಹೆಸರು ಕಸುಬಿನಿಂದ ಕಳಚಿಕೊಂಡು ಮನೆತನದ್ದಾಯಿತೇ ಎಂದು ಪರೀಕ್ಷಿಸಲು ಒಳ್ಳೆಯ ದಾಖಲೆ 1377, 1379 ಮತ್ತು 1381ರ ತಲೆಗಂದಾಯದ ಪಟ್ಟಿಗಳು. ಅವುಗಳಲ್ಲಿ ಹಲವು ಕಡೆ ಹೆಸರಿನ ಪಕ್ಕ ಕಸುಬನ್ನೂ ಬರೆದಿದ್ದಾರೆ. ‘ಸ್ಮಿತ್’ ಎಂದು ಬರೆದವನ ಕಸುಬು ನೇಯ್ಗೆ ಎಂದಿದ್ದರೆ ಹೆಸರು ಅಪ್ಪನಿಂದ ಬಂದದ್ದು ಎಂದು ತಿಳಿಯಬಹುದು. ಕಸುಬೂ ಕಮ್ಮಾರಿಕೆಯೇ ಆಗಿದ್ದರೆ ಏನನ್ನೂ ಹೇಳಲಾಗದು. ಇಲ್ಲೊಂದು ತೊಡಕಿದೆ. ಗುಮಾಸ್ತರು ಬರೆಯುತ್ತಿದ್ದದ್ದು ಲ್ಯಾಟಿನ್ನಿನಲ್ಲಿ ಅಥವಾ ಫ್ರೆಂಚಿನಲ್ಲಿ. ಒಬ್ಬನೇ ಮನುಷ್ಯ ಒಂದು ಕಡತದಲ್ಲಿ ಸ್ಮಿತ್, ಇನ್ನೊಂದರಲ್ಲಿ ಲ್ಯಾಟಿನ್ನಿನ ಫಾಬರ್, ಮತ್ತೊಂದರಲ್ಲಿ ಫ್ರೆಂಚಿನ ಲೆ ಫೀವರ್ ಆಗಿರಬಹುದು, ಮೂರರ ಅರ್ಥವೂ ಕಮ್ಮಾರನೇ. ಮಧ್ಯಯುಗದ ಸ್ಮಿತ್‌ಗಳನ್ನು ಎಣಿಸುವವರು ಈ ಮೂರನ್ನೂ ಒಟ್ಟಿಗಿಟ್ಟು ನೋಡದಿದ್ದರೆ ಲೆಕ್ಕ ಆರಂಭದಲ್ಲೇ ತಪ್ಪುತ್ತದೆ.

ಇಂಗ್ಲೆಂಡಿನಲ್ಲಿ ಕಮ್ಮಾರರಿಗಿಂತ ಉಳುವವರು ಎಷ್ಟೋ ಪಾಲು ಹೆಚ್ಚಿದ್ದರು. ಹಾಗಿದ್ದೂ ಉಳುವವನ ಹೆಸರು ಪಟ್ಟಿಯಲ್ಲಿ ಮೇಲೇಕಿಲ್ಲ? ಅಡ್ಡಹೆಸರಿನ ಕೆಲಸ ಒಬ್ಬನನ್ನು ಇನ್ನೊಬ್ಬನಿಂದ ಬೇರೆ ಮಾಡುವುದು. ಊರಿಗೆ ಊರೇ ಉಳುವಾಗ ‘ಉಳುವ ಜಾನ್’ ಎಂದರೆ ಯಾವ ಜಾನ್ ಎಂದು ಯಾರಿಗೂ ತಿಳಿಯದು. ‘ಕಮ್ಮಾರ ಜಾನ್’ ಎಂದರೆ ಒಬ್ಬನೇ. ನೇಗಿಲ ಗುಳ, ಕುದುರೆಯ ಲಾಳ, ಬಾಗಿಲ ಚಿಲಕ ಎಲ್ಲ ಊರಿಗೂ ಬೇಕು. ಹಾಗಾಗಿ ಸಾವಿರಾರು ಊರುಗಳಲ್ಲಿ ಒಂದಕ್ಕೊಂದು ಸಂಬಂಧವಿಲ್ಲದೆ ಇದೇ ಹೆಸರು ಮತ್ತೆ ಮತ್ತೆ ಹುಟ್ಟಿತು. ಇಡೀ ಅಂಕಿಸಂಖ್ಯೆಯ ಕೀಲಿ ಇಲ್ಲಿದೆ. ಧಾರವಾಡ, ಗದಗ, ಹಾವೇರಿ ಕಡೆಯ ಕಮ್ಮಾರ, ಬಡಿಗೇರ, ಪತ್ತಾರ ಎಂಬ ಅಡ್ಡಹೆಸರುಗಳನ್ನು ಬಲ್ಲ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವ್ಯತ್ಯಾಸವೆಂದರೆ ಇಂಗ್ಲೆಂಡಿನಲ್ಲಿ ಹೆಸರಿಗೂ ಜಾತಿಗೂ ಗಂಟಿಲ್ಲ. ಸ್ಮಿತ್‌ನ ಮಗ ದರ್ಜಿಯಾದ, ಮೊಮ್ಮಗ ಪಾದ್ರಿಯಾದ, ಹೆಸರು ಮಾತ್ರ ಉಳಿಯಿತು.

ಸ್ಮಿತ್ ಸೇರಿಕೊಂಡ ಹೆಸರುಗಳೂ ಇವೆ. ಬಾಣದ ಮೊನೆ ಮಾಡುವವನು ಆರೋಸ್ಮಿತ್, ಲಾಳ ಮಾಡುವವನು ಶೂಸ್ಮಿತ್, ಚೂರಿ ಮಾಡುವವನು ನೈಸ್ಮಿತ್. ಇವು ಪ್ರತ್ಯೇಕ ಹೆಸರುಗಳು, ಸ್ಮಿತ್‌ನ ಲೆಕ್ಕಕ್ಕೆ ಸೇರಿಸಬಾರದು. ಇಂಗ್ಲಿಷಿನ ವೈ ಅಕ್ಷರದಲ್ಲಿ ಬರೆಯುವ ಸ್ಮಿತ್, ಸ್ಮೈದ್ ಹಾಗಲ್ಲ, ಅವು ಅದೇ ಹೆಸರಿನ ಬೇರೆ ಕಾಗುಣಿತ. ಹದಿನಾರು, ಹದಿನೇಳನೆಯ ಶತಮಾನದ ಚರ್ಚ್ ದಾಖಲೆಗಳಲ್ಲಿ ಐ ಮತ್ತು ವೈ ಬರೆಯುವವನ ಕೈಗೆ ಬಂದಂತೆ ಅದಲುಬದಲಾಗುತ್ತಿದ್ದವು. ವೈ ಇರುವವರು ದೊಡ್ಡ ಮನೆತನದವರು ಎಂಬ ನಂಬಿಕೆ ಆಮೇಲೆ ಬೆಳೆದದ್ದು.

ಈಗ ಅಂಕಿಗಳಿಗೆ ಬರೋಣ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಜನನ, ಮರಣ, ಮದುವೆಗಳ ಸರ್ಕಾರಿ ನೋಂದಣಿ ಶುರುವಾದದ್ದು 1837ರ ಜುಲೈ 1ರಂದು. ಆ ನೋಂದಣಿಯ ಸೂಚಿಗಳಿಂದ ಅಂದಾಜು ಮಾಡಿ ರಿಜಿಸ್ಟ್ರಾರ್ ಜನರಲ್ ಕಚೇರಿ 1853ಕ್ಕೆ ಐವತ್ತು ಸಾಮಾನ್ಯ ಅಡ್ಡಹೆಸರುಗಳ ಪಟ್ಟಿ ಕೊಟ್ಟಿತು. ಸ್ಮಿತ್ 2,53,600, ಜೋನ್ಸ್ 2,42,100, ವಿಲಿಯಮ್ಸ್ 1,59,900. ಅಂದರೆ 73 ಜನರಲ್ಲಿ ಒಬ್ಬ ಸ್ಮಿತ್, 76 ಜನರಲ್ಲಿ ಒಬ್ಬ ಜೋನ್ಸ್. ಜೋನ್ಸ್ ಇಷ್ಟು ಹತ್ತಿರ ಬಂದಿರುವುದಕ್ಕೆ ಕಾರಣ ಕಸುಬಲ್ಲ, ವೇಲ್ಸ್. ಅಲ್ಲಿ ಮಗನ ಹೆಸರಿನ ಜತೆ ಅಪ್ಪನ ಹೆಸರು ಹೇಳುವ ಪದ್ಧತಿ ಬಹುಕಾಲ ನಡೆದು, ಹದಿನಾರರಿಂದ ಹದಿನೆಂಟನೆಯ ಶತಮಾನದ ನಡುವೆ ಯಾವ ಅಪ್ಪನ ಹೆಸರಿತ್ತೋ ಅದೇ ಗಟ್ಟಿಯಾಗಿ ನಿಂತಿತು. ಆ ಅಪ್ಪಂದಿರಲ್ಲಿ ಬಹಳ ಜನ ಜಾನ್‌ಗಳಾಗಿದ್ದರು.

1853ರ ಈ ಪಟ್ಟಿಯನ್ನು ಚೆನ್ನಾಗಿ ಬಳಸಿಕೊಂಡವನು ಜಾರ್ಜ್ ಡಾರ್ವಿನ್, ಚಾರ್ಲ್ಸ್ ಡಾರ್ವಿನ್‌ನ ಮಗ. ಅವನ ತಂದೆ ತಾಯಿ ಸೋದರ ಸಂಬಂಧಿಗಳು. ಇಂಗ್ಲೆಂಡಿನಲ್ಲಿ ಅಂಥ ಮದುವೆಗಳು ಎಷ್ಟು ಎಂದು ತಿಳಿಯಲು 1875ರಲ್ಲಿ ಅವನು ಹೂಡಿದ ಉಪಾಯ ಸರಳ: ಮದುವೆಗೆ ಮುಂಚೆಯೇ ಗಂಡು ಹೆಣ್ಣು ಇಬ್ಬರಿಗೂ ಒಂದೇ ಅಡ್ಡಹೆಸರಿದ್ದ ಮದುವೆಗಳನ್ನು ಎಣಿಸುವುದು. ಆದರೆ ಸಂಬಂಧವೇ ಇಲ್ಲದೆ ಆಕಸ್ಮಿಕವಾಗಿ ಸ್ಮಿತ್ ಸ್ಮಿತ್‌ನನ್ನು ಮದುವೆಯಾಗುವ ಸಾಧ್ಯತೆಯನ್ನು ಮೊದಲು ಕಳೆಯಬೇಕು. 73ರಲ್ಲಿ ಒಬ್ಬ ಎಂದರೆ ಆ ಸಾಧ್ಯತೆ 5,329ರಲ್ಲಿ ಒಂದು. ಹೀಗೆ ಐವತ್ತೂ ಹೆಸರುಗಳನ್ನು ಸೇರಿಸಿದಾಗ ಆಕಸ್ಮಿಕದ ಪಾಲು ಸಾವಿರಕ್ಕೆ ಒಂದಕ್ಕಿಂತ ತುಸು ಕಡಿಮೆ ಬಂತು. ಅಡ್ಡಹೆಸರಿನಿಂದ ರಕ್ತಸಂಬಂಧವನ್ನು ಊಹಿಸುವ ವಿದ್ಯೆಗೆ ಇದು ಬುನಾದಿ. ಆಕಸ್ಮಿಕವನ್ನು ಮೊದಲು ಕಳೆಯಬೇಕು ಎಂದು ಅವನಿಗೆ ಅಂದೇ ಹೊಳೆದಿತ್ತು. ಇಂದಿನ ವಾಟ್ಸ್ಆ್ಯಪ್ ವಂಶಾವಳಿಗಾರರಿಗೆ ಇನ್ನೂ ಹೊಳೆದಿಲ್ಲ.

ಇತ್ತೀಚಿನ ಬ್ರಿಟಿಷ್ ಲೆಕ್ಕ ಬೇಕೆಂದರೆ ಜನಗಣತಿಯ ಕಡೆ ನೋಡುವಂತಿಲ್ಲ. ಅಲ್ಲಿನ ಗಣತಿ ಹಾಳೆಗಳು 100 ವರ್ಷ ಮುಚ್ಚಿರುತ್ತವೆ. 1921ರದ್ದು ತೆರೆದದ್ದು 2022ರ ಜನವರಿಯಲ್ಲಿ. ಇಂಗ್ಲೆಂಡ್ ಮತ್ತು ವೇಲ್ಸ್‌ನ 1931ರ ಹಾಳೆಗಳು 1942ರಲ್ಲಿ ಬೆಂಕಿಗೆ ಆಹುತಿಯಾದವು, 1941ರಲ್ಲಿ ಯುದ್ಧದಿಂದಾಗಿ ಗಣತಿಯೇ ಆಗಲಿಲ್ಲ. ಹಾಗಾಗಿ ಮುಂದಿನದು 1951ರದ್ದು, ಅದಕ್ಕೆ 2052ರವರೆಗೆ ಕಾಯಬೇಕು. ನಡುವಿನ ಕಂದಕಕ್ಕೆ 1939ರ ಸೆಪ್ಟೆಂಬರ್ 29ರಂದು ಯುದ್ಧಕಾಲದ ಗುರುತಿನ ಚೀಟಿಗಾಗಿ ಮಾಡಿದ ನೋಂದಣಿಯೊಂದೇ ಸೇತುವೆ. ಜಾಲತಾಣಗಳಲ್ಲಿ ಓಡಾಡುವ 6,52,563 ಎಂಬ ಸಂಖ್ಯೆ ಆರೋಗ್ಯ ಸೇವೆಯ ಕೇಂದ್ರ ನೋಂದಣಿಯ 2002ರ ಪಟ್ಟಿಯದು. ಅದು ಇಂಗ್ಲೆಂಡ್, ವೇಲ್ಸ್ ಮತ್ತು ಐಲ್ ಆಫ್ ಮ್ಯಾನ್‌ಗೆ ಮಾತ್ರ ಸೇರಿದ್ದು, ಸ್ಕಾಟ್ಲೆಂಡ್ ಅದರಲ್ಲಿಲ್ಲ. ಐದಕ್ಕಿಂತ ಕಡಿಮೆ ಜನರಿರುವ ಹೆಸರುಗಳನ್ನು ಬಿಟ್ಟಿದ್ದಾರೆ. ದೇಶ ಬಿಟ್ಟವರು, ಎರಡು ಸಲ ದಾಖಲಾದವರು ಉಳಿದುಕೊಂಡಿರುವುದರಿಂದ ಸಂಖ್ಯೆ ಉಬ್ಬಿದೆ. ಆದರೂ ಒಟ್ಟು ಸುಮಾರು 5.4 ಕೋಟಿಗೆ ಭಾಗಿಸಿದರೆ 83 ಜನರಲ್ಲಿ ಒಬ್ಬ ಸ್ಮಿತ್ ಎಂದು ಬರುತ್ತದೆ. ತಲೆಗಳು ಹೆಚ್ಚಿದವು, ಪಾಲು ಇಳಿಯಿತು. ಮತದಾರರ ಪಟ್ಟಿಯಿಂದ ತೆಗೆದ ಲೆಕ್ಕಗಳೂ ಸಿಗುತ್ತವೆ. ಅವುಗಳಲ್ಲಿ ಮಕ್ಕಳಿಲ್ಲ, ಹೆಸರು ಸಾರ್ವಜನಿಕವಾಗುವುದು ಬೇಡವೆಂದವರೂ ಇಲ್ಲ.

ಐರ್ಲೆಂಡಿನ ಕತೆ ಇನ್ನೂ ಸ್ವಾರಸ್ಯದ್ದು. 1465ರಲ್ಲಿ ಅಲ್ಲಿನ ಸಂಸತ್ತು ಮಾಡಿದ ಕಾನೂನೊಂದು ಡಬ್ಲಿನ್ ಸುತ್ತಲಿನ ಇಂಗ್ಲಿಷ್ ಆಳ್ವಿಕೆಯ ಜಿಲ್ಲೆಗಳ ಐರಿಷರು ಇಂಗ್ಲಿಷ್ ಅಡ್ಡಹೆಸರು ಇಟ್ಟುಕೊಳ್ಳಬೇಕೆಂದು ಕಟ್ಟಳೆ ಹಾಕಿತು. ಊರಿನ ಹೆಸರು, ಬಣ್ಣದ ಹೆಸರು, ಕಸುಬಿನ ಹೆಸರು ಯಾವುದಾದರೂ ಸರಿ ಎಂದು ಹೇಳಿ, ಕಸುಬಿಗೆ ಅದು ಕೊಟ್ಟ ಉದಾಹರಣೆಯಲ್ಲೇ ಸ್ಮಿತ್ ಇದೆ. ಕ್ಯಾವನ್ ಜಿಲ್ಲೆಯಲ್ಲಿ ಕಮ್ಮಾರನ ಮಗ ಎಂಬರ್ಥದ ಮ್ಯಾಕ್ ಗೌನ್ ಮನೆತನದವರು ದೊಡ್ಡ ಸಂಖ್ಯೆಯಲ್ಲಿ ಸ್ಮಿತ್‌ಗಳಾದರು. 1890ರ ಅಂದಾಜಿನಲ್ಲಿ ಮರ್ಫಿ, ಕೆಲ್ಲಿ, ಸಲಿವನ್, ವಾಲ್ಶ್ ಬಿಟ್ಟರೆ ಐರ್ಲೆಂಡಿನ ಐದನೆಯ ದೊಡ್ಡ ಹೆಸರು ಸ್ಮಿತ್, ಸುಮಾರು 33,700 ಜನ. ಇವರಲ್ಲಿ ಬಹಳ ಜನರ ಪೂರ್ವಜರು ಇಂಗ್ಲಿಷರಲ್ಲ. ಸ್ಕಾಟ್ಲೆಂಡಿನಲ್ಲಿ ಗೇಲಿಕ್‌ನ ಗೌ, ಮ್ಯಾಕ್‌ಗವನ್‌ಗಳಿಗೂ ಇದೇ ಆಯಿತು. ಇಂಗ್ಲೆಂಡಿನ ರೋಮಾ ಅಲೆಮಾರಿಗಳಲ್ಲಿ ಲಾಳ ಮಾಡುವವರ ಹೆಸರು ಪೆಟುಲೆಂಗ್ರೊ. ಹೊರಗಿನವರ ಮುಂದೆ ಅವರೂ ಸ್ಮಿತ್.

ಅಮೆರಿಕದ ಲೆಕ್ಕದಲ್ಲಿ ವಿಷಯ ಪೂರ್ತಿ ಬಯಲಾಗುತ್ತದೆ. ಅಲ್ಲಿನ ಜನಗಣತಿ ಬ್ಯೂರೋ 2000 ಮತ್ತು 2010ರ ಗಣತಿಗಳಿಂದ 100 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಅಡ್ಡಹೆಸರುಗಳ ಪಟ್ಟಿ ಹೊರತಂದಿದೆ. 2000ದಲ್ಲಿ ಅಂಥವು 1,51,671, 2010ರಲ್ಲಿ 1,62,253. ಸ್ಮಿತ್ 2000ದಲ್ಲಿ 23,76,206, 2010ರಲ್ಲಿ 24,42,977. ಹತ್ತು ವರ್ಷದಲ್ಲಿ 66,771 ಹೆಚ್ಚಳ, ಶೇ 2.8. ಅದೇ ಅವಧಿಯಲ್ಲಿ ದೇಶದ ಜನಸಂಖ್ಯೆ ಬೆಳೆದದ್ದು ಶೇ 9.7. ಅಂದರೆ ಮೊದಲ ಸ್ಥಾನ ಉಳಿದರೂ ಪಾಲು ಒಂದು ಲಕ್ಷಕ್ಕೆ 880.85ರಿಂದ 828.19ಕ್ಕೆ ಕುಸಿಯಿತು. ಸ್ಪ್ಯಾನಿಷ್ ಮೂಲದ ಗಾರ್ಸಿಯಾ ಎಂಬ ಹೆಸರು ಎಂಟರಿಂದ ಆರನೆಯ ಸ್ಥಾನಕ್ಕೇರಿತು.

ಈ ಒಂದು ಲಕ್ಷಕ್ಕೆ ಇಷ್ಟು ಎಂಬ ಅಂಕಿಯಲ್ಲಿ ಬಹಳ ಜನ ಜಾರುತ್ತಾರೆ. 2010ರ ಒಟ್ಟು ಜನಸಂಖ್ಯೆ 30,87,45,538. ಅದಕ್ಕೆ ಭಾಗಿಸಿದರೆ ಬರುವುದು ಸುಮಾರು 791, ಬ್ಯೂರೋ ಹೇಳುವ 828 ಅಲ್ಲ. ಏಕೆಂದರೆ ಬ್ಯೂರೋ ಭಾಗಿಸುವುದು ಸರಿಯಾದ ಅಡ್ಡಹೆಸರು ದಾಖಲಾದ 29,49,79,229 ಜನರ ಸಂಖ್ಯೆಗೆ. ಹೆಸರು ಬರೆಯದವರು, ಓದಲಾಗದಂತೆ ಬರೆದವರು ಹೊರಗುಳಿದಿದ್ದಾರೆ. ಒಂದು ವರ್ಷದ ದರವನ್ನು ಒಂದು ವಿಧಾನದಲ್ಲಿ, ಇನ್ನೊಂದು ವರ್ಷದ್ದನ್ನು ಮತ್ತೊಂದು ವಿಧಾನದಲ್ಲಿ ತೆಗೆದು ಹೋಲಿಸಿದರೆ ಇಲ್ಲದ ಏರಿಳಿತ ಕಾಣಿಸುತ್ತದೆ. 100ರ ಮಿತಿಯನ್ನೂ ನೆನಪಿಡಬೇಕು. ತಮ್ಮ ಊರಿನ ಹೆಸರನ್ನೋ ಅಪ್ಪನ ಹೆಸರನ್ನೋ ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗಕ್ಕೆ ತುಂಬಿಸಿ ಅಲ್ಲಿಗೆ ಹೋದ ಎಷ್ಟೋ ಕನ್ನಡ ಕುಟುಂಬಗಳು ಇಂಥ ಪಟ್ಟಿಯ ಹೊರಗುಳಿಯುವುದು ಸಹಜ.

2010ರ ಅಮೆರಿಕನ್ ಸ್ಮಿತ್‌ಗಳಲ್ಲಿ ತಮ್ಮನ್ನು ಬಿಳಿಯರೆಂದು ಬರೆಸಿದವರು ಶೇ 70.90, ಕಪ್ಪು ಜನ ಶೇ 23.11, ಹಿಸ್ಪಾನಿಕ್ ಅಂದರೆ ಸ್ಪ್ಯಾನಿಷ್ ಭಾಷಿಕ ಮೂಲದವರು ಶೇ 2.40, ಎರಡು ಅಥವಾ ಹೆಚ್ಚು ಜನಾಂಗದವರು ಶೇ 2.19, ಮೂಲನಿವಾಸಿಗಳು ಶೇ 0.89. ಶೇ 23.11 ಎಂದರೆ ಸುಮಾರು 5.65 ಲಕ್ಷ ಜನ. ಇವರಲ್ಲಿ ಬಹುತೇಕರ ಪೂರ್ವಜರು ಗುಲಾಮಗಿರಿಯಿಂದ ಬಿಡುಗಡೆಯಾದವರು. 1850 ಮತ್ತು 1860ರ ಗಣತಿಯಲ್ಲಿ ಗುಲಾಮರನ್ನು ಒಡೆಯನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣ ಮಾತ್ರ ಬರೆದು ಎಣಿಸಿದ್ದರು, ಹೆಸರಿಲ್ಲ. 1865ರ ವಿಮೋಚನೆಯ ನಂತರ 1870ರ ಗಣತಿಯಲ್ಲಿ ಅವರೆಲ್ಲ ಮೊದಲ ಬಾರಿಗೆ ಹೆಸರು, ಅಡ್ಡಹೆಸರಿನೊಂದಿಗೆ ಕಾಣಿಸಿಕೊಂಡರು. ಎಲ್ಲರೂ ಒಡೆಯನ ಹೆಸರನ್ನೇ ಇಟ್ಟುಕೊಂಡರು ಎಂಬುದೂ ಸರಿಯಲ್ಲ. ಕೆಲವರಿಗೆ ಮೊದಲೇ ತಮ್ಮದೇ ಅಡ್ಡಹೆಸರಿತ್ತು, ಕೆಲವರು ತಾವೇ ಆರಿಸಿಕೊಂಡರು. ವಾಷಿಂಗ್ಟನ್ ಎಂಬ ಅಡ್ಡಹೆಸರು ನೋಡಿ: 2010ರಲ್ಲಿ 1,77,386 ಜನ, ಅವರಲ್ಲಿ ಶೇ 87.53 ಕಪ್ಪು ಜನ.

ಬಿಳಿಯ ಸ್ಮಿತ್‌ಗಳಲ್ಲೂ ಜರ್ಮನ್ ಶ್ಮಿಟ್, ಹಂಗೇರಿಯ ಕೊವಾಚ್, ಪೋಲೆಂಡಿನ ಕೊವಾಲ್‌ಸ್ಕಿ, ಫ್ರೆಂಚ್ ಲಫೇವ್ರ್, ಅರಬರ ಹದ್ದಾದ್, ಹೀಗೆ ಕಮ್ಮಾರ ಎಂಬರ್ಥದ ಹೆಸರಿನವರೆಲ್ಲ ಕರಗಿದ್ದಾರೆ. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಹೆಸರು ಹೊತ್ತು ತಿರುಗುವುದು ಕಷ್ಟವಾದಾಗ ಶ್ಮಿಟ್‌ಗಳು ಸ್ಮಿತ್ ಆದರು. ನ್ಯೂಯಾರ್ಕ್ ಬಂದರಿನಲ್ಲಿ ವಲಸಿಗರನ್ನು ತಪಾಸಣೆ ಮಾಡುತ್ತಿದ್ದ ಎಲಿಸ್ ದ್ವೀಪದ ಅಧಿಕಾರಿಗಳು ಹೆಸರು ಬದಲಿಸಿದರು ಎನ್ನುವುದು ಕಟ್ಟುಕತೆ. ಅವರ ಕೈಯಲ್ಲಿದ್ದದ್ದು ಹಡಗು ಹೊರಟ ಬಂದರಿನಲ್ಲೇ ಬರೆದ ಪ್ರಯಾಣಿಕರ ಪಟ್ಟಿ. ಬದಲಿಸಿಕೊಂಡವರು ಬದುಕಿನ ಅನುಕೂಲಕ್ಕೆ ಆಮೇಲೆ ತಾವೇ ಬದಲಿಸಿಕೊಂಡರು.

ಉಚ್ಚಾರದ ಮೇಲೆ ಹೆಸರು ಹುಡುಕುವ ಸೌಂಡೆಕ್ಸ್ ಎಂಬ ಸೂಚಿ ಅಮೆರಿಕದ ದಾಖಲೆಗಳಲ್ಲಿ ಎಲ್ಲೆಡೆ ಬಳಕೆಯಲ್ಲಿದೆ. ಮೊದಲ ಅಕ್ಷರ ಉಳಿಸಿಕೊಂಡು, ಸ್ವರಗಳನ್ನು ಬಿಟ್ಟು, ವ್ಯಂಜನಗಳಿಗೆ ಅಂಕಿ ಕೊಡುವ ವಿಧಾನ. ಸ್ಮಿತ್, ಸ್ಮೈದ್, ಶ್ಮಿಟ್ ಮೂರಕ್ಕೂ ಬರುವ ಸಂಕೇತ ಎಸ್530. ಏನೂ ಸಂಬಂಧವಿಲ್ಲದ ಸ್ನೀಡ್‌ಗೂ ಎಸ್530. ಶ್ಮಿಟ್‌ಗೆ ತೀರ ಹತ್ತಿರದ ಶ್ಮಿಟ್ಸ್‌ಗೆ ಮಾತ್ರ ಎಸ್532. ಹಾಗಾಗಿ ಸೂಚಿ ಕೊಟ್ಟ ಒಟ್ಟು ಸಂಖ್ಯೆಯನ್ನು ಹಾಗೆಯೇ ಎತ್ತಿಕೊಂಡರೆ ಬೇಡದವರು ಒಳಗೆ, ಬೇಕಾದವರು ಹೊರಗೆ.

ರಕ್ತಸಂಬಂಧದ ಪ್ರಶ್ನೆಗೆ ಡಿಎನ್‌ಎ ನೇರ ಉತ್ತರ ಕೊಟ್ಟಿದೆ. ವೈ ಕ್ರೋಮೋಸೋಮು ಅಡ್ಡಹೆಸರಿನ ಹಾಗೆಯೇ ಅಪ್ಪನಿಂದ ಮಗನಿಗೆ ಇಳಿಯುತ್ತದೆ. 2000ದಲ್ಲಿ ಬ್ರಿಟಿಷ್ ತಳಿವಿಜ್ಞಾನಿ ಬ್ರಯಾನ್ ಸೈಕ್ಸ್ ತಮ್ಮದೇ ಅಡ್ಡಹೆಸರಿನ 48 ಗಂಡಸರನ್ನು ಪರೀಕ್ಷಿಸಿದಾಗ ಅರ್ಧದ ಹತ್ತಿರ ಜನರಲ್ಲಿ ಒಂದೇ ಮಾದರಿ ಸಿಕ್ಕಿತು. ಯಾರ್ಕ್‌ಶೈರ್ ಕಡೆಯ ಆ ಹೆಸರಿಗೆ ಒಬ್ಬ ಮೂಲಪುರುಷ ಇದ್ದಿರಬಹುದು ಎನ್ನಲು ಅದು ಆಧಾರವಾಯಿತು. 2009ರಲ್ಲಿ ತಳಿವಿಜ್ಞಾನಿಗಳಾದ ಟೂರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್ 40 ಅಡ್ಡಹೆಸರುಗಳ 1,678 ಗಂಡಸರನ್ನು ನೋಡಿದರು. ಆಟನ್‌ಬರೊ ಎಂಬ ಅಪರೂಪದ ಹೆಸರಿನವರಲ್ಲಿ ಶೇ 87 ಜನ ಒಂದೇ ಬಳಗ. ಸ್ಮಿತ್‌ಗಳಲ್ಲಿ? ಬೀದಿಯಲ್ಲಿ ಹೋಗುವ ಯಾರೋ ಇಬ್ಬರನ್ನು ನಿಲ್ಲಿಸಿ ನೋಡಿದರೆ ಎಷ್ಟು ಹೋಲಿಕೆ ಸಿಗುತ್ತದೋ ಅಷ್ಟೇ. ಹೆಸರು ಅಪರೂಪವಾದಷ್ಟೂ ಮೂಲ ಒಂದಾಗಿರುವ ಸಾಧ್ಯತೆ ಹೆಚ್ಚು. ನಡುವೆ ದತ್ತು, ತಾಯಿಯ ಅಡ್ಡಹೆಸರು ಪಡೆದ ಮಕ್ಕಳು, ಬೇರೆ ತಂದೆಗೆ ಹುಟ್ಟಿದವರು ಇರುವುದರಿಂದ ಅಪರೂಪದ ಹೆಸರಿನಲ್ಲೂ ಅದು ನೂರಕ್ಕೆ ನೂರಾಗುವುದಿಲ್ಲ. ಮದುವೆಯಾಗಿ ಸ್ಮಿತ್ ಆದ ಹೆಂಗಸರು ಎಲ್ಲ ಗಣತಿಯಲ್ಲೂ ಸೇರಿರುತ್ತಾರೆ ಎಂಬುದನ್ನಂತೂ ಯಾರೂ ನೆನಪಿಡುವುದಿಲ್ಲ.

‘ಸ್ಮಿತ್ ಮನೆತನದ ಲಾಂಛನ’ ಎಂದು ಚೌಕಟ್ಟು ಹಾಕಿ ಮಾರುವವರೂ ಇದ್ದಾರೆ. ಇಂಗ್ಲೆಂಡಿನಲ್ಲಿ ಲಾಂಛನ ಸಿಗುವುದು ಒಬ್ಬ ವ್ಯಕ್ತಿಗೆ ಮತ್ತು ಅವನ ನೇರ ವಂಶಕ್ಕೆ, ಅಡ್ಡಹೆಸರಿಗಲ್ಲ. ದುಡ್ಡು ಉಳಿಸಿಕೊಳ್ಳಿ.

ಬೆಂಗಳೂರಿನ, ಕೆಜಿಎಫ್‌ನ ಆಂಗ್ಲೋ ಇಂಡಿಯನ್ ಓದುಗರಲ್ಲಿ ಇಂಥ ಹೆಸರಿನ ಜಾಡು ಹುಡುಕುವವರಿಗೆ ಒಂದೆರಡು ಸೂಚನೆ. ದಂಡು ಪ್ರದೇಶದ ಚರ್ಚುಗಳ ದೀಕ್ಷಾಸ್ನಾನ, ಮದುವೆ, ಸಮಾಧಿ ದಾಖಲೆಗಳ ಪ್ರತಿಗಳು ಮದರಾಸಿನ ಮೂಲಕ ಲಂಡನ್‌ಗೆ ಹೋಗುತ್ತಿದ್ದವು. ಅವು ಈಗ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ಅಲ್ಲಿನ ಕಡತಗಳ ಸಂಕೇತಗಳು ಹೀಗಿವೆ: ಎನ್1 ಬಂಗಾಳ, ಎನ್2 ಮದರಾಸು, ಎನ್3 ಬೊಂಬಾಯಿ. ಮೈಸೂರು ಎಂದು ಹುಡುಕಿ ಸಿಗಲಿಲ್ಲವೆಂದು ಕೈಬಿಡಬೇಡಿ, ಎನ್2ರಲ್ಲಿ ನೋಡಿ. ‘ಜಾನ್ ಸ್ಮಿತ್’ನಿಂದ ಶುರು ಮಾಡಿದರೆ ದಾರಿ ತಪ್ಪುವುದು ಖಂಡಿತ. ತಾಯಿಯ ತವರಿನ ಹೆಸರು, ತಂದೆಯ ರೆಜಿಮೆಂಟು ಅಥವಾ ಕೆಲಸ, ಮದುವೆಗೆ ಸಾಕ್ಷಿ ಹಾಕಿದವರು, ಇವುಗಳಲ್ಲಿ ಯಾವುದು ಅಪರೂಪವೋ ಅದನ್ನು ಹಿಡಿಯಿರಿ. ಇಂಗ್ಲೆಂಡಿಗೆ ದಾಟಿದ ಮೇಲೂ ಅಷ್ಟೇ: ಜನನ ನೋಂದಣಿಯ ಹಳೆಯ ಮುದ್ರಿತ ಸೂಚಿಗಳಲ್ಲಿ ತಾಯಿಯ ತವರಿನ ಹೆಸರು ಬರುವುದು 1911ರ ಮೂರನೆಯ ತ್ರೈಮಾಸಿಕದಿಂದ. ನೋಂದಣಿ ಕಚೇರಿಯೇ ಹೊಸದಾಗಿ ಮಾಡಿಸಿದ ಆನ್‌ಲೈನ್ ಸೂಚಿಯಲ್ಲಿ 1837ರಿಂದಲೇ ಇದೆ. ಎರಡನೆಯದನ್ನೇ ಬಳಸಿ.

ಕೆಜಿಎಫ್‌ನ ವಿಷಯ ತುಸು ಬೇರೆ. 1880ರಿಂದ ಜಾನ್ ಟೇಲರ್ ಅಂಡ್ ಸನ್ಸ್ ಗಣಿಗಳ ಜತೆಗೆ ಬಂದವರಲ್ಲಿ ಕಾರ್ನ್‌ವಾಲ್‌ನ ಗಣಿ ಕೆಲಸಗಾರರು ಬಹಳ. ಕಾರ್ನ್‌ವಾಲ್‌ನಲ್ಲಿ ಸ್ಮಿತ್ ಕಡಿಮೆ. ಅಲ್ಲಿಯ ಗುರುತು ಟ್ರೆ, ಪೋಲ್, ಪೆನ್ ಎಂದು ಶುರುವಾಗುವ ಊರಿನ ಹೆಸರುಗಳು. ಅಂಥ ಹೆಸರು ಸಿಕ್ಕರೆ ಹುಡುಕಾಟ ಕಾರ್ನ್‌ವಾಲ್‌ನ ಕೆಲವೇ ಹಳ್ಳಿಗಳಿಗೆ ಇಳಿಯುತ್ತದೆ. ಅವರಲ್ಲಿ ಹೆಚ್ಚಿನವರು ಮೆಥಡಿಸ್ಟರಾಗಿದ್ದರಿಂದ ಆಂಗ್ಲಿಕನ್ ದಾಖಲೆ ಖಾಲಿ ಬಂದರೆ ಮೆಥಡಿಸ್ಟ್ ಚರ್ಚಿನ ಪುಸ್ತಕಗಳನ್ನು ಕೇಳಬೇಕು.

ಇತಿ,
ನಿಮ್ಮ ಓದುಗ
ಬೆಂಗಳೂರು